ಮಣ್ಣಿಗೆ ಕಾರ್ಡ್ ಕೊಟ್ಟಿರಿ, ನೀರಿಗೆ ಯಾಕಿಲ್ಲ?

ನಮ್ಮ ಕಡೆ ಹೊಲದಲ್ಲಿ ಬೋರ್ ಕೊರೆಸಿದರೆ ಅಕ್ಕಪಕ್ಕದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟ್ ಇಂಚ್ ನೀರ್ ಬಿತ್ರಿ?" ಎರಡು ಇಂಚು ಅಂದರೆ ಖುಷಿ. ಮೂರು ಇಂಚು ಅಂದರೆ ಮನೆಮನೆಗೆ ಪೇಢೆ. ಆ ನೀರು ಎಂಥದ್ದು, ಅದರಲ್ಲಿ ಏನು ಕರಗಿದೆ, ನಮ್ಮ ಎರಿ ಮಣ್ಣು ಅದನ್ನು ಎಷ್ಟು ವರ್ಷ ತಾಳೀತು ಎಂದು ಯಾರೂ ಕೇಳುವುದಿಲ್ಲ.

ಕಾಲುವೆಯ ವಿಷಯದಲ್ಲೂ ಹಾಗೇ. ನೀರು ಯಾವಾಗ ಬಿಡುತ್ತಾರೆ, ಕೊನೆ ಹೊಲಕ್ಕೆ ಮುಟ್ಟುತ್ತದೋ ಇಲ್ಲವೋ ಎಂಬ ಜಗಳ ಇದೆ. ಆ ಜಗಳ ನ್ಯಾಯವಾದದ್ದೇ. ನಾಲೆಗೆ ಮೋಟಾರು ಇಟ್ಟವರಿಗೆ ಪೈಪು ಮುಟ್ಟುವಷ್ಟು ನೀರಿದ್ದರೆ ಸಾಕು. ಎಲ್ಲರ ಲೆಕ್ಕವೂ ನೀರು ಎಷ್ಟು ಎಂಬುದರ ಮೇಲೆ ನಿಂತಿದೆ.

ನಾವು ಹೇಳಬೇಕೆಂದಿರುವುದು ಇಷ್ಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹೊಲಗಳಿಗೆ ಹಾಯುವ ಪ್ರತಿ ನೀರಿಗೂ ಮಣ್ಣಿಗೆ ಇರುವ ಹಾಗೆ ಒಂದು ಕಾರ್ಡ್ ಬೇಕು. ಅದಕ್ಕೆ ಹೊಸ ಇಲಾಖೆ ಬೇಡ. ಬೇಕಾದ ಸಾಮಾನಿನಲ್ಲಿ ಅರ್ಧ ನಮ್ಮ ಊರುಗಳ ಲೆಕ್ಕದಲ್ಲೇ ಇದೆ.

ಕಾರ್ಡಿನಲ್ಲಿ ಇರುವುದು, ಇಲ್ಲದಿರುವುದು

ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿದ್ದು 2015ರ ಫೆಬ್ರವರಿಯಲ್ಲಿ. ಅದರಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಸಾವಯವ ಇಂಗಾಲ, ಪಿಎಚ್ ಮತ್ತು ಇಸಿ. ಇಸಿ ಅಂದರೆ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂಬುದರ ಅಳತೆ. ಆ ಉಪ್ಪು ತಂದ ನೀರಿನ ಬಗ್ಗೆ ಕಾರ್ಡಿನಲ್ಲಿ ಒಂದು ಸಾಲೂ ಇಲ್ಲ.

ನೀರಾವರಿ ನೀರಿನ ಗುಣಮಟ್ಟಕ್ಕೆ ನಮ್ಮ ದೇಶದಲ್ಲಿ ಅಳತೆಗೋಲು ಇಲ್ಲ ಅಂತಲ್ಲ. ಭಾರತೀಯ ಮಾನಕ ಸಂಸ್ಥೆ 1986ರಲ್ಲೇ ಐಎಸ್ 11624 ಎಂಬ ಮಾರ್ಗಸೂಚಿ ತಂದಿದೆ. ಎಷ್ಟು ಉಪ್ಪಿದ್ದರೆ ಸರಿ, ಎಷ್ಟು ಸೋಡಿಯಂ ಇದ್ದರೆ ತೊಂದರೆ, ಎಷ್ಟು ಬೋರಾನ್ ಇದ್ದರೆ ಬೆಳೆ ಸುಡುತ್ತದೆ ಎಂದು ಅದರಲ್ಲಿ ಬರೆದಿದೆ. ಬಂದು ಸುಮಾರು 40 ವರ್ಷವಾಯಿತು. ನಿಮ್ಮ ಊರಲ್ಲಿ ಎಷ್ಟು ರೈತರು ಇದರ ಹೆಸರು ಕೇಳಿದ್ದಾರೆ, ಎಣಿಸಿ ನೋಡಿ.

ನೀರಿನ ಜೊತೆ ಬರುವ ಉಪ್ಪಿನ ಲೆಕ್ಕ

ಒಂದು ಎಕರೆ ಹೊಲದ ತುಂಬ ಒಂದು ಇಂಚು ಎತ್ತರಕ್ಕೆ ನೀರು ನಿಲ್ಲಿಸಿದರೆ ಅದು ಸುಮಾರು 1 ಲಕ್ಷ ಲೀಟರ್. ಇದು ಬೋರಿನ ಇಂಚಲ್ಲ, ಹೊಲದ ಇಂಚು.

ನೀರಿನ ಇಸಿ 2 ಇದೆ ಅಂತಿಟ್ಟುಕೊಳ್ಳಿ. ಅಂದರೆ ಪ್ರತಿ ಲೀಟರಿನಲ್ಲಿ ಹತ್ತಿರ ಹತ್ತಿರ 1,280 ಮಿಲಿಗ್ರಾಂ ಉಪ್ಪು. ಒಂದು ಎಕರೆಗೆ ಒಂದು ಇಂಚು ಹಾಯಿಸಿದರೆ 130 ಕೆಜಿ ಉಪ್ಪು ಹೊಲಕ್ಕೆ ಬಿತ್ತು. ಒಂದು ಬೆಳೆಗೆ ಎರಡೆರಡು ಇಂಚಿನಂತೆ ಹತ್ತು ಸಲ ನೀರು ಕೊಟ್ಟರೆ 26 ಕ್ವಿಂಟಲ್. ಎಕರೆಗೆ ನಾಲ್ಕೈದು ಕ್ವಿಂಟಲ್ ತೊಗರಿ ಬಂದರೆ ಸಾಕು ಅನ್ನುವ ನಮ್ಮ ಹೊಲಕ್ಕೆ 26 ಕ್ವಿಂಟಲ್ ಉಪ್ಪು.

ನೀರನ್ನು ಬೆಳೆ ಕುಡಿಯುತ್ತದೆ, ಬಿಸಿಲು ಆರಿಸುತ್ತದೆ. ಉಪ್ಪು ಅಲ್ಲೇ ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ಸುಣ್ಣವಾಗಿ ಕೂತು ತೊಂದರೆ ಕೊಡುವುದಿಲ್ಲ, ಒಂದಿಷ್ಟನ್ನು ಮಳೆ ಕೆಳಗೆ ಇಳಿಸುತ್ತದೆ. ಮಳೆ ಎಷ್ಟನ್ನು ಇಳಿಸಬಲ್ಲದು ಎಂಬುದು ಮಣ್ಣಿನ ಮೇಲೆ ನಿಂತಿದೆ. ನಮ್ಮ ತೊಂದರೆ ಶುರುವಾಗುವುದು ಅಲ್ಲಿಂದ.

ಎರಿ ಮಣ್ಣಿನ ಗುಣ

ಮರಳು ಮಿಶ್ರಿತ ಕೆಂಪು ಮಣ್ಣಾದರೆ ಮಳೆ ನೀರು ಸಲೀಸಾಗಿ ಇಳಿದು ಉಪ್ಪನ್ನೂ ಒಯ್ಯುತ್ತದೆ. ನಮ್ಮದು ಎರಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ಉಬ್ಬಿತೆಂದರೆ ನೀರು ಕೆಳಗಿಳಿಯುವುದು ಬಲು ನಿಧಾನ.

ಈ ಮಣ್ಣಿಗೆ ಸೋಡಿಯಂ ಸೇರಿದರೆ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳುವುದನ್ನು ಬಿಡುತ್ತವೆ, ಸಣ್ಣ ಸಣ್ಣ ರಂಧ್ರಗಳು ಮುಚ್ಚುತ್ತವೆ. ಮೇಲೆ ಹಪ್ಪಳದಂತೆ ಪದರ ಕಟ್ಟುತ್ತದೆ. ಬಿತ್ತಿದ ಬೀಜ ಮೇಲೆ ಬರಲಾರದು. ಮಳೆ ಬಂದರೆ ನೀರು ಹೊಲದಲ್ಲೇ ನಿಲ್ಲುತ್ತದೆ. ನಿಂತ ನೀರನ್ನು ತೊಗರಿ ತಾಳುವುದಿಲ್ಲ ಎಂದು ನಿಮಗೆ ನಾವು ಹೇಳಬೇಕಿಲ್ಲ.

ಇಲ್ಲೊಂದು ಮೋಸ ಇದೆ. ಬೇಸಿಗೆಯಲ್ಲಿ ಕೆಟ್ಟ ನೀರು ಹಾಯಿಸುವಾಗ ಹಾನಿ ಕಾಣುವುದಿಲ್ಲ, ಆ ಉಪ್ಪೇ ಮಣ್ಣನ್ನು ಹಿಡಿದಿಟ್ಟಿರುತ್ತದೆ. ಮಳೆಗಾಲದಲ್ಲಿ ಸಿಹಿನೀರು ಬಿದ್ದು ಮೇಲಿನ ಉಪ್ಪು ತೊಳೆದು ಹೋದ ಮೇಲೆ, ಮಣ್ಣಿಗೆ ಅಂಟಿದ ಸೋಡಿಯಂ ತನ್ನ ಕೆಲಸ ಶುರುಮಾಡುತ್ತದೆ. ನಾವು ಮಳೆ ಜಾಸ್ತಿಯಾಯಿತು, ಬೀಜ ಸರಿಯಿರಲಿಲ್ಲ ಎನ್ನುತ್ತೇವೆ. ಬೋರಿನ ಹೆಸರು ಬರುವುದೇ ಇಲ್ಲ.

ಬೇಳೆ ಬೇಯದ ನೀರು ಹೊಲಕ್ಕೆ ಕೆಟ್ಟದ್ದೇ?

ನಮ್ಮಲ್ಲಿ ನೀರಿನ ಪರೀಕ್ಷೆ ಅಂದರೆ ಅಡುಗೆ ಮನೆಯ ಪರೀಕ್ಷೆ. "ಈ ನೀರಿನ್ಯಾಗ ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಬರಂಗಿಲ್ಲ, ಕೆಟ್ಟ ನೀರು" ಎನ್ನುತ್ತಾರೆ. ಕುಡಿಯಲು, ಅಡುಗೆಗೆ ಆ ಮಾತು ಸರಿ. ಹೊಲಕ್ಕೆ ಅದೇ ಮಾತು ಹೊಂದುವುದಿಲ್ಲ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕೂತಿರುವುದು ಸುಣ್ಣಕಲ್ಲಿನ ಮೇಲೆ. ಶಹಾಬಾದ್ ಬಂಡೆ ಬಂದಿದ್ದು, ಸಿಮೆಂಟ್ ಕಾರ್ಖಾನೆಗಳು ಬಂದಿದ್ದು ಇದೇ ಕಲ್ಲಿನಿಂದ. ಆ ಕಲ್ಲಿನ ಸಂದಿಯಲ್ಲಿ ಹರಿದು ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅದಕ್ಕೇ ನೀರು ಗಡಸು, ಬೇಳೆ ಬೇಗ ಬೇಯುವುದಿಲ್ಲ. ಆದರೆ ಕ್ಯಾಲ್ಸಿಯಂ ಮಣ್ಣಿಗೆ ಗೆಳೆಯ. ಕಣಗಳನ್ನು ಒಟ್ಟಿಗೆ ಹಿಡಿದಿಟ್ಟು ಸೋಡಿಯಂ ಬರದಂತೆ ತಡೆಯುವುದು ಅದೇ.

ಇನ್ನೊಂದು ಬಗೆಯ ನೀರು ಇದೆ. ಸಬಕಾರ ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಾ ಜಾಸ್ತಿ ಇರಬಹುದು. ಬೇಳೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದಲ್ಲ, ಹಾಗೇ ಇದು. ಈ ನೀರನ್ನು ವರ್ಷಗಟ್ಟಲೆ ಹಾಯಿಸಿದರೆ ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಯಾಗುತ್ತದೆ, ಅದರ ಜಾಗದಲ್ಲಿ ಸೋಡಿಯಂ ಕೂರುತ್ತದೆ. ಪಿಎಚ್ ಏರುತ್ತದೆ. ಭೂಮಿ ಕ್ಷಾರವಾಗುತ್ತದೆ.

ಹಾಗಾಗಿ ನಾಲಿಗೆಯನ್ನೂ ಬೇಳೆ ಪಾತ್ರೆಯನ್ನೂ ನಂಬಿ ಹೊಲದ ನೀರನ್ನು ಅಳೆಯಲಾಗದು. ಪಕ್ಕದ ಹೊಲದ ಬೋರ್ ನಂಬಿಯೂ ಅಳೆಯಲಾಗದು. ಸುಣ್ಣಕಲ್ಲಿನಲ್ಲಿ ನೀರು ಬಿರುಕು, ಪೊಟರೆಗಳಲ್ಲಿ ಹರಿಯುತ್ತದೆ. ಹತ್ತಿರದ ಎರಡು ಬೋರುಗಳು ಬೇರೆ ಬೇರೆ ಬಿರುಕಿನ ನೀರು ಎತ್ತಬಹುದು. ಚಿಂಚೋಳಿಯ ಬಹುಪಾಲು ಭಾಗದಲ್ಲಿ ಇರುವುದು ಕಪ್ಪು ಬಸಾಲ್ಟ್ ಕಲ್ಲು, ಕೆಲವು ಗುಡ್ಡಗಳ ಮೇಲೆ ಕೆಂಪು ಜಂಬಿಟ್ಟಿಗೆ. ಅಲ್ಲಿನ ನೀರು ಸೇಡಂ ನೀರಿನಂತೆಯೇ ಇರಬೇಕೆಂದಿಲ್ಲ.

ಕಾಲುವೆ, ನಾಲೆ, ಬೋರ್: ಮೂರೂ ಒಂದೇ ಅಲ್ಲ

ಕಾಲುವೆ ನೀರು ಮಳೆಯ ನೀರು. ನಾಗರಾಳದ ಕೆಳದಂಡೆ ಮುಲ್ಲಾಮಾರಿ, ಚಂದ್ರಂಪಳ್ಳಿ, ಹೇರೂರಿನ ಬೆಣ್ಣೆತೊರಾ, ಈ ಜಲಾಶಯಗಳಲ್ಲಿ ನಿಲ್ಲುವುದು ಮಳೆಗಾಲದ ಹರಿವು. ಸಾಮಾನ್ಯವಾಗಿ ಅದರಲ್ಲಿ ಉಪ್ಪು ಕಡಿಮೆ. ಹಾಗಂತ ಕಾಲುವೆ ಬಂದ ಹೊಲ ಸುರಕ್ಷಿತ ಎಂದು ಕೂರುವಂತಿಲ್ಲ.

ತುಂಗಭದ್ರಾ ಕಾಲುವೆಯ ಗಂಗಾವತಿ, ಸಿಂಧನೂರು ಕಡೆ ಹೋಗಿ ನೋಡಿ. ಅಲ್ಲೂ ಎರಿ ಮಣ್ಣು, ಬಂದಿದ್ದು ಸಿಹಿನೀರೇ. ಅಣೆಕಟ್ಟೆಯಲ್ಲಿ ನೀರು ನಿಂತಿದ್ದು 1953ರಲ್ಲಿ. ಮೇಲಿನ ಹೊಲಗಳಲ್ಲಿ ಮಿತಿಮೀರಿ ನೀರು ನಿಲ್ಲಿಸಿದ್ದಕ್ಕೆ ಕೆಳಗಿನ ಅಂತರ್ಜಲ ಮೇಲೇರಿತು, ನೆಲದೊಳಗೆ ಮೊದಲೇ ಇದ್ದ ಉಪ್ಪನ್ನು ಹೊತ್ತು ತಂದಿತು. ಸಾವಿರಾರು ಎಕರೆ ಸವುಳು-ಜವುಳಾಯಿತು. ಅದನ್ನು ಸರಿಪಡಿಸುವ ದಾರಿ ಹುಡುಕಲೆಂದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಭೂಮಿ, ಸವುಳು ನೀರಿನ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆಯ ಕೃಷ್ಣಾ ಕಾಲುವೆ ಪ್ರದೇಶದಲ್ಲೂ ಇದೇ ಕಾಯಿಲೆ ಕಾಣಿಸಿದೆ. ಕಾಲುವೆ ಕಟ್ಟುವಾಗ ಬಸಿಗಾಲುವೆ ಮರೆತರೆ ಒಳ್ಳೆಯ ನೀರೂ ಹೊಲ ಕೆಡಿಸುತ್ತದೆ. ಬೆಣ್ಣೆತೊರಾ, ಮುಲ್ಲಾಮಾರಿ ಕಾಲುವೆಗಳ ಕೆಳಗೆ ಹೊಲ ಇರುವವರು ಬಾವಿಯಲ್ಲಿ ನೀರು ನೆಲದಿಂದ ಎಷ್ಟು ಅಡಿ ಕೆಳಗಿದೆ ಎಂದು ಪ್ರತಿ ವರ್ಷ ಬರೆದಿಡಿ. ಆರು ಅಡಿಗಿಂತ ಮೇಲೆ ಬಂದು ನಿಂತರೆ ಎಚ್ಚರಿಕೆಯ ಗಂಟೆ.

ಬಸಿದು ಬಂದ ನೀರು, ನಾಲೆಯ ನೀರು ಎರಡನೆಯದು. ಮೇಲಿನ ಹೊಲಗಳನ್ನು ತೊಳೆದ ನೀರೇ ಇದು. ಮಳೆಗಾಲದಲ್ಲಿ ತೆಳುವಾಗಿರುತ್ತದೆ, ಬೇಸಿಗೆಯಲ್ಲಿ ಹರಿವು ಇಳಿದಂತೆ ಉಪ್ಪು ಏರುತ್ತದೆ. ಕಾಗಿಣಾ, ಕಮಲಾವತಿ, ಭೀಮಾ ನದಿಗಳಿಗೂ ಬೇಸಿಗೆಯಲ್ಲಿ ಈ ಮಾತು ಅನ್ವಯಿಸುತ್ತದೆ: ಬ್ಯಾರೇಜಿನ ಹಿಂದೆ ನಿಂತು ಆರುವ ನೀರು ಅಕ್ಟೋಬರ್‌ನ ನೀರಲ್ಲ. ಪಟ್ಟಣದ ಚರಂಡಿ ಸೇರುವ ನಾಲೆಯಾದರೆ ಉಪ್ಪಿನ ಜೊತೆ ರೋಗಾಣುಗಳ ಪ್ರಶ್ನೆಯೂ ಇದೆ. ಅಂಥ ನೀರನ್ನು ಕೊತ್ತಂಬರಿ, ಮೂಲಂಗಿ, ಸೌತೆ ಹೀಗೆ ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸಬಾರದು. ಹತ್ತಿ, ಮೇವಿನ ಜೋಳದ ಮಾತು ಬೇರೆ. ಕಲ್ಲು ತೆಗೆದು ಬಿಟ್ಟ ಹಳೇ ಗಣಿ ಗುಂಡಿಯ ನೀರನ್ನೂ ಈ ಸಾಲಿಗೇ ಸೇರಿಸಿ. ನೋಡಲು ತಿಳಿ ಇದ್ದರೂ ಪರೀಕ್ಷೆ ಮಾಡಿಸದೆ ಮೋಟಾರು ಹಾಕಬೇಡಿ.

ಮೂರನೆಯದು ಬೋರ್. ಆಳ ಹೋದಷ್ಟೂ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ, ಅದರಲ್ಲಿ ಕರಗಿದ್ದೂ ಹೆಚ್ಚಿರಬಹುದು. ಹಳೇ ಬೋರ್ ಬತ್ತಿ ಇನ್ನೂ ಆಳಕ್ಕೆ ಕೊರೆಸಿದವರು ಹೊಸ ನೀರನ್ನು ಹೊಸದಾಗಿಯೇ ಪರೀಕ್ಷಿಸಬೇಕು.

ಊರಿನ ಕಿಟ್‌ನಲ್ಲೇ ಅರ್ಧ ಉತ್ತರ

ಜಲ ಜೀವನ್ ಮಿಷನ್ ಬಂದಿದ್ದು 2019ರಲ್ಲಿ. ಅದರಡಿ ಕುಡಿಯುವ ನೀರು ಪರೀಕ್ಷಿಸಲು ಊರುಗಳಿಗೆ ಕಿಟ್ ಕೊಡುವ, ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರ ಕಿಟ್ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಆ ಪೆಟ್ಟಿಗೆಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುತ್ತವೆ: ಗಡಸುತನ ಮತ್ತು ಕ್ಷಾರತೆ. ಎರಡೂ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರುತ್ತವೆ. ಹೊಲದ ನೀರಿಗೂ ಇವು ಸಾಕಷ್ಟು ಹೇಳುತ್ತವೆ.

ಲೆಕ್ಕ ಸುಲಭ. ಕ್ಷಾರತೆಯಿಂದ ಗಡಸುತನ ಕಳೆಯಿರಿ. ಬಂದದ್ದನ್ನು 50ರಿಂದ ಭಾಗಿಸಿ. ಲ್ಯಾಬಿನವರು ಆರ್‌ಎಸ್‌ಸಿ ಅಂತ ಬರೆಯುತ್ತಾರಲ್ಲ, ಹೆಚ್ಚೂಕಡಿಮೆ ಅದೇ ಇದು.

ಒಂದು ಬೋರಿನಲ್ಲಿ ಕ್ಷಾರತೆ 350, ಗಡಸುತನ 600 ಬಂತು ಅನ್ನೋಣ. ಗಡಸುತನವೇ ದೊಡ್ಡದು, ಕಳೆದರೆ ಏನೂ ಉಳಿಯದು. ಬೇಳೆ ಬೇಯದ ನೀರು, ಆದರೆ ಸೋಡಾದ ಭಯ ಇಲ್ಲ. ಇನ್ನೊಂದು ಬೋರಿನಲ್ಲಿ ಕ್ಷಾರತೆ 400, ಗಡಸುತನ 250. ಕಳೆದರೆ 150, ಭಾಗಿಸಿದರೆ 3. ಬೇಳೆ ಬೇಯುತ್ತದೆ, ಹೊಲ ಕೆಡುತ್ತದೆ.

ಬಹುಕಾಲದಿಂದ ಬಳಕೆಯಲ್ಲಿರುವ ಅಳತೆಯಂತೆ 1.25ರ ಒಳಗಿದ್ದರೆ ಸುರಕ್ಷಿತ, 1.25ರಿಂದ 2.5ರವರೆಗೆ ಎಚ್ಚರ, 2.5 ದಾಟಿದರೆ ಉಪಚಾರ ಮಾಡದೆ ಹಾಯಿಸಬಾರದು. ಐಎಸ್ ಮಾರ್ಗಸೂಚಿ ಸ್ವಲ್ಪ ಸಡಿಲ, 1.5ರವರೆಗೆ ಅಪಾಯ ಕಡಿಮೆ ಎನ್ನುತ್ತದೆ. ನಮ್ಮದು ಎರಿ ಮಣ್ಣಾದ್ದರಿಂದ ಬಿಗಿಯಾದ ಅಳತೆಯನ್ನೇ ಹಿಡಿಯುವುದು ವಾಸಿ.

ಎರಡನೇ ಸಲಕರಣೆ ಟಿಡಿಎಸ್ ಮೀಟರ್. ಶುದ್ಧ ನೀರಿನ ಘಟಕ ಬಂದ ಮೇಲೆ ಈ ಪದ ಊರಿಗೆಲ್ಲ ಗೊತ್ತು. ಅಗ್ಗದ ಮೀಟರ್‌ಗಳಲ್ಲಿ ಸಾಮಾನ್ಯವಾಗಿ 500 ಪಿಪಿಎಂ ತೋರಿಸಿದರೆ ಇಸಿ ಸುಮಾರು 1. ಇಸಿಯನ್ನೇ ತೋರಿಸುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಲ್ಯಾಬ್ ಚೀಟಿಯಲ್ಲಿ ಇಸಿ 2,000 ಎಂದು ಬಂದರೆ ಹೆದರಬೇಡಿ, ಅದು ಮೈಕ್ರೋ ಲೆಕ್ಕ. ಸಾವಿರದಿಂದ ಭಾಗಿಸಿದರೆ 2.

ಮೀಟರ್ ಮತ್ತು ಕಿಟ್ ಸೇರಿದರೆ ಸೋಡಿಯಂ ಅಂದಾಜೂ ಸಿಗುತ್ತದೆ. ಇಸಿಯನ್ನು 10ರಿಂದ ಗುಣಿಸಿ, ಗಡಸುತನವನ್ನು 50ರಿಂದ ಭಾಗಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಇಸಿ 2 ಇದ್ದರೆ 20. ಗಡಸುತನ 300 ಇದ್ದರೆ 6. ಉಳಿದ 14 ಹೆಚ್ಚುಕಡಿಮೆ ಸೋಡಿಯಂ. ಅಂದರೆ ನೂರಕ್ಕೆ 70 ಪಾಲು. 60 ಪಾಲು ದಾಟಿತೆಂದರೆ ಆ ಬಾಟಲಿ ಲ್ಯಾಬಿಗೆ ಹೋಗಲೇಬೇಕು. ಇವೆಲ್ಲ ಅಂದಾಜು. ಕಿಟ್ ನಿಮಗೆ ಯಾವ ಬೋರಿಗೆ ಲ್ಯಾಬ್ ಬೇಕು ಎಂದು ಹೇಳುತ್ತದೆ, ಎಸ್‌ಎಆರ್, ಬೋರಾನ್ ನಿಖರವಾಗಿ ಹೇಳುವುದು ಲ್ಯಾಬೇ.

ಬಾಟಲಿ ತುಂಬುವ ರೀತಿ

ಬೋರ್ ಚಾಲು ಮಾಡಿ ಅರ್ಧ ತಾಸು ಬಿಡಿ. ಪೈಪಿನಲ್ಲಿ ನಿಂತ ನೀರು ಹೋಗಲಿ. ಒಂದು ಲೀಟರಿನ ನೀರಿನ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಬಾಯಿವರೆಗೆ ತುಂಬಿ. ತಂಪು ಪಾನೀಯದ ಬಾಟಲಿ, ಔಷಧಿ ಡಬ್ಬಿ ಬೇಡ. ಹೆಸರು, ಸರ್ವೆ ನಂಬರ್, ಬೋರಿನ ಆಳ, ತಾರೀಖು, ಬೆಳೆ ಬರೆದು ಅಂಟಿಸಿ. ಅದೇ ದಿನ ಅಥವಾ ಮರುದಿನ ಮುಟ್ಟಿಸಿ. ಬಿಸಿಲಲ್ಲಿ ಇಟ್ಟರೆ ಕ್ಷಾರತೆಯ ಲೆಕ್ಕ ತಪ್ಪುತ್ತದೆ.

ಕಾಲುವೆ, ನಾಲೆಯಾದರೆ ದಂಡೆಯ ನೀರು ಬೇಡ, ಹರಿಯುವ ನಡುಭಾಗದ ನೀರು ಹಿಡಿಯಿರಿ. ಬೋರ್, ನಾಲೆ ಎರಡನ್ನೂ ವರ್ಷಕ್ಕೆ ಎರಡು ಸಲ ನೋಡಿದರೆ ಚೆಂದ: ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ.

ಮಣ್ಣಿಗೆ ಆಗಲೇ ಪೆಟ್ಟು ಬಿದ್ದಿದೆಯೇ ಎಂದು ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ಮಳೆ ನೀರು ಅಥವಾ ಶುದ್ಧ ಘಟಕದ ನೀರು ಹಾಕಿ. ಹೊಲದ ಒಣ ಹೆಂಟೆಯ ಚೂರೊಂದನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಪುಡಿಯಾಗಿ ಬಿದ್ದರೆ ಚಿಂತೆಯಿಲ್ಲ, ಎರಿ ಮಣ್ಣಿನ ಸ್ವಭಾವವೇ ಅದು. ಎರಡು ತಾಸಿನ ಮೇಲೆ ಸುತ್ತಲಿನ ನೀರು ಬಗ್ಗಡವಾಗಿ, ಹಾಲಿನಂತೆ ಕದಡಿ ಹಾಗೇ ನಿಂತಿದ್ದರೆ ಸೋಡಿಯಂ ಸೇರಿದೆ ಎಂದರ್ಥ.

"ಗೊತ್ತಾಗಿ ಏನು ಮಾಡೋದು, ಬೇರೆ ನೀರೆಲ್ಲಿದೆ?"

ಈ ಮಾತು ನಾವು ಹೋದಲ್ಲೆಲ್ಲ ಕೇಳುತ್ತೇವೆ. ಉತ್ತರ ಇದೆ.

ಮೊದಲನೆಯದು, ಬೆಳೆ ಆಯ್ಕೆ. ಎಲ್ಲ ಬೆಳೆಗೂ ಉಪ್ಪು ಒಂದೇ ಥರ ತಾಗುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿಯ ಪ್ರಕಾರ ಇಳುವರಿ ಕಡಿಮೆಯಾಗದಂತೆ ಉಳ್ಳಾಗಡ್ಡಿ ತಾಳುವ ನೀರಿನ ಇಸಿ 0.8, ಮೆಣಸಿನಕಾಯಿ 1, ಕಬ್ಬು 1.1, ಟೊಮೆಟೊ 1.7, ಗೋಧಿ 4, ಜೋಳ 4.5, ಹತ್ತಿ 5.1. ಈ ಅಂಕಿಗಳು ಉಪ್ಪು ಕೆಳಗೆ ಇಳಿದು ಹೋಗುವ ಹೊಲಕ್ಕೆ. ನೀರು ಇಳಿಯದ ಎರಿಯಲ್ಲಿ ಇನ್ನೂ ಕಡಿಮೆ ಹಿಡಿಯಿರಿ. ಆದರೂ ಸಾಲು ಯಾವುದು ಮುಂದೆ, ಯಾವುದು ಹಿಂದೆ ಎಂದು ಗೊತ್ತಾಯಿತಲ್ಲ. ಇಸಿ 2 ಇರುವ ಬೋರ್ ನಂಬಿ ಉಳ್ಳಾಗಡ್ಡಿ ಹಚ್ಚಿ ಸಾಲ ಮಾಡಿಕೊಳ್ಳುವುದನ್ನು ಒಂದು ಚೀಟಿ ತಪ್ಪಿಸುತ್ತಿತ್ತು. ತೊಗರಿ, ಕಡಲೆ, ಹೆಸರು ಕೂಡ ಉಪ್ಪಿಗೆ ನಾಜೂಕಾದವೇ.

ಎರಡನೆಯದು, ಬೆರೆಸುವುದು. ಕೃಷಿ ಹೊಂಡದ ಮಳೆ ನೀರಿನಲ್ಲಿ ಉಪ್ಪು ತೀರಾ ಕಡಿಮೆ. ಇಸಿ 3ರ ಬೋರ್ ನೀರು ಒಂದು ಪಾಲು, ಇಸಿ 0.3ರ ಹೊಂಡದ ನೀರು ಎರಡು ಪಾಲು ಬೆರೆಸಿದರೆ 1.2 ಆಗುತ್ತದೆ. ಬೆರೆಸಲು ಆಗದಿದ್ದರೆ ಮೊಳಕೆ ಮತ್ತು ಹೂವಿನ ಹೊತ್ತಿಗೆ ಒಳ್ಳೆಯ ನೀರು ಕೊಟ್ಟು, ಉಳಿದ ಹೊತ್ತಿಗೆ ಬೋರ್ ನೀರು ಕೊಡಿ.

ಮೂರನೆಯದು, ಜಿಪ್ಸಂ. ಆರ್‌ಎಸ್‌ಸಿ ಒಂದು ಅಂಕಿ ಇಳಿಸಲು ಎಕರೆಗೆ ಒಂದು ಇಂಚು ನೀರಿಗೆ ಸುಮಾರು 9 ಕೆಜಿ ಶುದ್ಧ ಜಿಪ್ಸಂ ಬೇಕು. 3 ಇದ್ದದ್ದನ್ನು 1.25ಕ್ಕೆ ಇಳಿಸಿ, ಬೆಳೆಗೆ 20 ಇಂಚು ಹಾಯಿಸುವುದಾದರೆ ಹತ್ತಿರ ಹತ್ತಿರ 3 ಕ್ವಿಂಟಲ್. ಅಂಗಡಿಯ ಜಿಪ್ಸಂ ಪೂರ್ತಿ ಶುದ್ಧ ಇರುವುದಿಲ್ಲ, ಅಷ್ಟು ಹೆಚ್ಚು ಹಾಕಬೇಕು. "ನಮ್ಮ ಕಾಲ ಕೆಳಗೇ ಸುಣ್ಣಕಲ್ಲು ಇದೆಯಲ್ಲ, ಅದರ ಪುಡಿ ಹಾಕಿದರಾಯ್ತು" ಎನ್ನುವವರಿದ್ದಾರೆ. ಆಗುವುದಿಲ್ಲ. ಕ್ಷಾರ ಮಣ್ಣಿನಲ್ಲಿ ಸುಣ್ಣಕಲ್ಲು ಕರಗುವುದೇ ಇಲ್ಲ. ಕರಗದ ಕ್ಯಾಲ್ಸಿಯಂ ಇದ್ದೂ ಇಲ್ಲದಂತೆ. ಆರ್‌ಎಸ್‌ಸಿ ಇಲ್ಲದ ಗಡಸು ನೀರಿಗೆ ಜಿಪ್ಸಂ ಹಾಕುವುದು ದುಡ್ಡು ದಂಡ. ಮಣ್ಣೇ ಆಗಲೇ ಕ್ಷಾರವಾಗಿದ್ದರೆ ಮಾತ್ರ ಮಣ್ಣಿನ ಪರೀಕ್ಷೆ ನೋಡಿ ಹಾಕಬೇಕು.

ನಾಲ್ಕನೆಯದು ಉಳಿತಾಯ. ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಅದು ಕುಡಿಯುವ ನೀರಿನ ಗಡಿ. ಅದೇ ನೀರನ್ನು ಎಕರೆಗೆ 20 ಇಂಚು ಹಾಯಿಸಿದರೆ ಸುಮಾರು 20 ಕೆಜಿ ಸಾರಜನಕ ಹೊಲಕ್ಕೆ ಬಿದ್ದಿರುತ್ತದೆ. ಒಂದು ಚೀಲ ಯೂರಿಯಾದಲ್ಲಿ ಇರುವುದೂ ಅಷ್ಟೇ. ಗೊತ್ತಿಲ್ಲದೆ ಅದರ ಮೇಲೆ ಮತ್ತೊಂದು ಚೀಲ ಸುರಿಯುತ್ತಿದ್ದೇವೆ.

"ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ" ಎಂಬ ಸಮಾಧಾನವೂ ಉಂಟು. ಬರೀ ಉಪ್ಪಾದರೆ, ನೀರು ಇಳಿಯುವ ಹೊಲವಾದರೆ, ಆ ಮಾತಿನಲ್ಲಿ ಸತ್ಯ ಇದೆ. ಸೋಡಿಯಂ ಅಂಟಿದ ಎರಿಗೆ ಮಳೆಯೇ ಹಾನಿ ತೋರಿಸುತ್ತದೆ ಎಂದು ಮೇಲೆ ಹೇಳಿದೆವು.

ನಮ್ಮ ಬೇಡಿಕೆ

ಗಂಗಾ ಕಲ್ಯಾಣ ಯೋಜನೆಯಲ್ಲಿ ಸರ್ಕಾರವೇ ಬಡ ರೈತರಿಗೆ ಬೋರ್ ಕೊರೆಸಿ ಮೋಟಾರು ಕೊಡುತ್ತದೆ. ಒಳ್ಳೆಯ ಯೋಜನೆ. ಆ ಹೊಲವೇ ಅವರ ಏಕೈಕ ಆಸ್ತಿ. ಕೊರೆಸಿದ ದಿನ ನೀರು ಎಷ್ಟು ಇಂಚು ಎಂದು ಬರೆಯುವ ಕಾಗದದಲ್ಲೇ ಇಸಿ, ಆರ್‌ಎಸ್‌ಸಿ, ಎಸ್‌ಎಆರ್ ಎಂದು ಮೂರು ಕಾಲಂ ಸೇರಿಸಿ. ಬೋರಿನ ಖರ್ಚಿನ ಮುಂದೆ ಪರೀಕ್ಷೆಯ ಖರ್ಚು ಲೆಕ್ಕಕ್ಕೇ ಬಾರದು.

ಮಣ್ಣು ಆರೋಗ್ಯ ಕಾರ್ಡಿಗೆ ಮಾದರಿ ತೆಗೆಯಲು ಬರುವವರು ನೀರಾವರಿ ಹೊಲವಾದರೆ ಒಂದು ಬಾಟಲಿ ನೀರನ್ನೂ ಒಯ್ಯಲಿ. ರೈತ ಸಂಪರ್ಕ ಕೇಂದ್ರಗಳಲ್ಲಿ ಒಂದೊಂದು ಇಸಿ ಮೀಟರ್ ಇರಲಿ, ಬೀಜ ತೆಗೆದುಕೊಳ್ಳಲು ಬಂದವರು ತಂದ ಬಾಟಲಿಯನ್ನು ಅಲ್ಲೇ ನೋಡಿ ಹೇಳಲಿ. ಬೆಣ್ಣೆತೊರಾ, ಮುಲ್ಲಾಮಾರಿ, ಚಂದ್ರಂಪಳ್ಳಿ ಕಾಲುವೆಗಳ ತಲೆ, ನಡು, ಕೊನೆ ಮತ್ತು ಅವುಗಳ ಬಸಿಗಾಲುವೆಗಳ ನೀರಿನ ಅಂಕಿಯನ್ನು ವರ್ಷಕ್ಕೆರಡು ಸಲ ನೀರು ಬಳಕೆದಾರರ ಸಂಘದ ಬೋರ್ಡಿನಲ್ಲಿ ಬರೆಸಲಿ. ಪಟ್ಟಣದ ಚರಂಡಿ, ಕಾರ್ಖಾನೆ, ಗಣಿ ಪಕ್ಕದ ನಾಲೆಗಳ ಅಂಕಿಯೂ ಹಾಗೇ ಬಹಿರಂಗವಾಗಲಿ. ತಪ್ಪು ಯಾರದೂ ಇಲ್ಲದಿದ್ದರೆ ಅಂಕಿ ಅದನ್ನೂ ಹೇಳುತ್ತದೆ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆ ರುಚಿಗೆ ಈ ಮಣ್ಣೇ ಕಾರಣ ಎಂದು ನಾವೆಲ್ಲ ಎದೆತಟ್ಟಿ ಹೇಳುತ್ತೇವೆ. ಹೆಸರು ತಂದ ಮಣ್ಣಿಗೆ ಕಣ್ಣು ಮುಚ್ಚಿ ನೀರು ಹಾಯಿಸುವುದು ಸರಿಯಲ್ಲ.

ಸರ್ಕಾರ ಮಾಡುವವರೆಗೂ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಹೋಗುವಾಗ ಹತ್ತು ಮನೆಯವರು ಹತ್ತು ಬಾಟಲಿ ತುಂಬಿಕೊಂಡು ಹೋಗಿ. ಪಂಚಾಯಿತಿ ಕಿಟ್ ತೆರೆಸಿ, ತರಬೇತಿ ಪಡೆದ ಅಕ್ಕಂದಿರನ್ನು ಕರೆಸಿ, ಎಲ್ಲರ ಎದುರೇ ಗಡಸುತನ, ಕ್ಷಾರತೆ ನೋಡಿಸಿ ಗೋಡೆ ಮೇಲೆ ಬರೆಸಿ. ಕೆಂಪು ಗೆರೆ ದಾಟಿದ ಬಾಟಲಿಗಳನ್ನು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ಇಲಾಖೆಯ ಲ್ಯಾಬಿಗೋ ಒಟ್ಟಿಗೆ ಕಳಿಸಿ. ಆಮೇಲೆ ಯಾರಾದರೂ ಬೋರ್ ಕೊರೆಸಿದಾಗ "ಎಷ್ಟ್ ಇಂಚ್" ಎಂದು ಕೇಳಿದ ಮೇಲೆ "ಎಂಥಾ ನೀರ್ರಿ?" ಎಂದೂ ಕೇಳೋಣ.